ಒಗೆಯಬಾರದ ಜಾಕೆಟು

ರಮಾದೇವಿಗೂ ಆ ಜಾಕೆಟಿಗೂ ಮೊದಲ ಭೇಟಿಯಾದದ್ದು ಕಾವೂರಿನ ಅವರ ಮನೆಯ ಜಗಲಿಯಲ್ಲಿ, ಒಂದು ಏಕಾದಶಿಯ ಬೆಳಿಗ್ಗೆ. ತುಳಸಿಗೆ ನೀರೆರೆದು ತಿರುಗಿದರೆ ಕುರ್ಚಿಯ ಬೆನ್ನಿನ ಮೇಲೆ ಅದು ವಿರಾಜಮಾನವಾಗಿತ್ತು (ನೇತಾಡುತ್ತಿತ್ತು ಎಂದರೆ ಅದಕ್ಕೆ ಅವಮಾನ, ಅಷ್ಟು ಗತ್ತು). ಜೀನ್ಸ್ ಬಟ್ಟೆ. ತೋಳುಗಳೆರಡನ್ನೂ ಯಾರೋ ಕಚ್ಚಿ ಕಿತ್ತ ಹಾಗಿತ್ತು. ಹೆಗಲಿನ ಮೇಲೆ ಸಾಲು ಮೊಳೆ, ಎದೆಯಲ್ಲಿ ಜೋಡಿ ತಲೆಬುರುಡೆ, ಬೆನ್ನಲ್ಲಿ ಕೊಂಬಿನ ಆಡು, ಅದರ ಸುತ್ತ ಮುಳ್ಳುಬೇಲಿಯಂಥ ಅಕ್ಷರಗಳ ತೇಪೆಗಳು. ವಾಸನೆಯಂತೂ ಗೇಟಿನವರೆಗೆ ಹೋಗಿ ನೆಂಟರನ್ನು ಎದುರುಗೊಳ್ಳುವಂತಿತ್ತು.

"ಕಿಶೋರಾ, ಇದು ಎಂತದಾ?"

"ಅಮ್ಮಾ, ಮುಟ್ಬೇಡ! ಅದನ್ನು ಒಗೀಬಾರ್ದು!" ಹಲ್ಲುಜ್ಜುತ್ತಿದ್ದ ಮಗ ಕೃಷ್ಣಕಿಶೋರ್ ಬಾಯಿಯ ನೊರೆಯ ಸಮೇತ ಓಡಿಬಂದ.

ಆ ಮನೆಯಲ್ಲಿ ಹಾಗೆ ಹೇಳುವ ಅಧಿಕಾರ ಅಲ್ಲಿಯವರೆಗೆ ಇದ್ದದ್ದು ಒಬ್ಬರಿಗೇ, ದೇವಸ್ಥಾನದ ಅರ್ಚಕರಾದ ಗಂಡ ಹರಿದಾಸ ಭಟ್ಟರಿಗೆ. ಅವರ ಮಡಿಪಂಚೆಯನ್ನು ಕೈ ತಾಗಿಸದೆ ಒಣಹಾಕುವುದರಲ್ಲೇ ರಮಾದೇವಿಯ ಅರ್ಧ ಆಯುಷ್ಯ ಮುಗಿದಿತ್ತು. ಉಳಿದರ್ಧಕ್ಕೆ ಈಗ ಇದು ಬಂದಿತ್ತು.

ಸಂಕಟ ಬೇರೆಯೇ ಇತ್ತು. ಬರುವ ಭಾನುವಾರ ಮಗಳು ಭಾರ್ಗವಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕುಲಶೇಖರದ ಒಳ್ಳೆಯ ಮನೆ. ಹಿಂದಿನ ಎರಡು ಸಂಬಂಧ ತಪ್ಪಿಹೋಗಿತ್ತು. ಇದೂ ತಪ್ಪಿದರೆ ಅದಕ್ಕೆ ಕಾರಣ ಆ ಆಡೇ ಎಂದು ರಮಾದೇವಿಗೆ ಖಾತ್ರಿಯಾಯಿತು. ಅವರು ಗಂಡನನ್ನು ಮಗನ ಮೇಲೆ ಛೂ ಬಿಟ್ಟರು.

"ಯಾಕೆ ಒಗೀಬಾರ್ದು ಮಾರಾಯ?" ಭಟ್ಟರು ವಿಚಾರಣೆ ಶುರುಮಾಡಿದರು.

"ಅದು ನಿಯಮ ಅಪ್ಪ. ಹೆವಿ ಮೆಟಲ್ ಸಂಗೀತ ಕೇಳುವವರೆಲ್ಲ ಹಾಗೇ. ಒಂದು ಬ್ಯಾಂಡಿನ ಕಾನ್ಸರ್ಟಿಗೆ ಹೋಗಿ ಬಂದ ಮೇಲೆಯೇ ಅದರ ತೇಪೆ. ನಮ್ಮ ಕೈಯಿಂದಲೇ ಹೊಲೀಬೇಕು. ಕೇಳದ ಬ್ಯಾಂಡಿನದ್ದು ಹಾಕಿದ್ರೆ ಅಪಚಾರ. ಆ ಬೆವರು ಹೋದ್ರೆ ಎಲ್ಲ ಹೋಯ್ತು."

"ಬೇರೆಯವರು ಹಾಕ್ಬಹುದಾ?"

"ನಾನೇ ತೊಡಿಸಿದ್ರೆ ಮಾತ್ರ."

"ಹಾಕಿಕೊಂಡು ಊಟಕ್ಕೆ ಕೂರ್ಬಹುದಾ?"

"ಅದಕ್ಕೆ ಅಡ್ಡಿ ಇಲ್ಲ."

ಭಟ್ಟರು ತಲೆದೂಗಿದರು. "ರಮಾ, ಇದರಲ್ಲಿ ಒಂದು ಶಾಸ್ತ್ರ ಉಂಟು."

"ನಾರುವ ಶಾಸ್ತ್ರ!" ಎಂದು ರಮಾದೇವಿ ಒಳಗೆ ಹೋದರು.

ಶುಕ್ರವಾರ ಗಂಡ ದೇವಸ್ಥಾನದಲ್ಲಿ, ಮಗ ನಿದ್ದೆಯಲ್ಲಿ ಇದ್ದ ಹೊತ್ತು ನೋಡಿ ಅವರು ಜಾಕೆಟನ್ನು ಬಿಸಿನೀರಿಗೆ ಅದ್ದಿ, ಬ್ರಷ್ ಹಾಕಿ ತಿಕ್ಕಿಯೇಬಿಟ್ಟರು. ಬುರುಡೆಗಳ ಹಲ್ಲು ಫಳಫಳ ಹೊಳೆಯಿತು. ಆಡು ಆಗ ತಾನೇ ಅಭ್ಯಂಜನ ಮುಗಿಸಿ ಬಂದ ಹಾಗೆ ಕಾಣಿಸಿತು.

ಎದ್ದು ಬಂದ ಕಿಶೋರ ಕೂಗಾಡಲಿಲ್ಲ. "ಭಾನುವಾರ ನಾನು ಮನೆಯಲ್ಲಿ ಇರುದಿಲ್ಲ" ಎಂದ, ಅಷ್ಟೇ.

"ಅಣ್ಣ ಇಲ್ಲದಿದ್ರೆ ನಾನೂ ಹೊರಗೆ ಬರುದಿಲ್ಲ" ಎಂದಳು ಭಾರ್ಗವಿ.

ಪೂಜೆ ಮುಗಿಸಿ ಬಂದ ಭಟ್ಟರು ಪಂಚಾಂಗ ನೋಡುವ ಗಾಂಭೀರ್ಯದಲ್ಲಿ ಕೇಳಿದರು: "ಇದಕ್ಕೆ ಪ್ರಾಯಶ್ಚಿತ್ತ ಎಂತ?"

"ಮತ್ತೆ ಕಾನ್ಸರ್ಟಿನ ಬೆವರು ಹಿಡೀಬೇಕು. ನಾಳೆ ಸಂಜೆ ಜೆಪ್ಪುವಿನಲ್ಲಿ ಒಂದು ಉಂಟು."

"ಹಾಗಾದ್ರೆ ಕೆಡಿಸಿದವರೇ ಸರಿಮಾಡ್ಬೇಕು. ಕ್ರಮ ಅಂದ್ರೆ ಕ್ರಮ. ಅಮ್ಮನಿಗೆ ತೊಡಿಸು."

"ನಿಮಗೆಂತ ತಲೆ ಸರಿ ಉಂಟಾ?" ಎಂದರು ರಮಾದೇವಿ. ಆದರೆ ಹೋದರು. ಮಗಳ ಮದುವೆಯ ಪ್ರಶ್ನೆ.

ಸೀರೆಯ ಮೇಲೆ ಜಾಕೆಟು ತೊಟ್ಟ ರಮಾದೇವಿ ಕಪ್ಪು ಬಟ್ಟೆಯ ಉದ್ದಕೂದಲಿನ ಹುಡುಗರ ನಡುವೆ ನಿಂತರು. ಡ್ರಮ್ಮು ಹೊಕ್ಕುಳಲ್ಲಿ ಬಾರಿಸಿದ ಹಾಗಾಯಿತು. ಅಷ್ಟರಲ್ಲಿ ಮುಡಿಯ ಹೇರ್‌ಪಿನ್ನು ಕಳಚಿ ಜಾಕೆಟಿನ ಕಾಲರಿನೊಳಗೆ ಇಳಿಯಿತು. ಅದನ್ನು ಕೊಡವಲು ಅವರು ಜೋರಾಗಿ ತಲೆ ಆಡಿಸಿದ್ದೇ ತಡ, "ಆಂಟೀ!" ಎಂದು ಇಡೀ ಸಾಲು ಅವರ ಜೊತೆಗೇ ತಲೆ ಆಡಿಸತೊಡಗಿತು. ಪಿನ್ನು ಹೊರಬರುವಷ್ಟರಲ್ಲಿ ಹಾಡು ಮುಗಿದಿತ್ತು, ಜಾಕೆಟು ಒದ್ದೆಯಾಗಿತ್ತು.

ಭಾನುವಾರ ಬಂದ ನೆಂಟರು ಜಾಕೆಟಿನ ಕಡೆ ನೋಡಲೇ ಇಲ್ಲ. ರಮಾದೇವಿಯನ್ನೇ ನೋಡುತ್ತಿದ್ದರು. ಕೊನೆಗೆ ಗಂಡಿನ ತಾಯಿ ಫೋನು ಮುಂದೆ ಹಿಡಿದರು. "ನಿನ್ನೆಯಿಂದ ಈ ವಿಡಿಯೋ ಎಲ್ಲರ ಮೊಬೈಲಿನಲ್ಲಿ ಬರ್ತಾ ಉಂಟು. ಇದು ನೀವೇ ಅಲ್ವಾ?"

ರಮಾದೇವಿ ಕೇಸರಿಬಾತಿನ ತಟ್ಟೆಯನ್ನು ಫೋನಿಗೆ ಅಡ್ಡ ಹಿಡಿದರು. "ಅದು... ಪಿನ್ನು..."

"ನಮ್ಮವನಿಗೂ ಇದೇ ಹುಚ್ಚು. ಜಾಕೆಟೂ ಉಂಟು. ಒಬ್ಬನನ್ನೇ ಕಳಿಸ್ಲಿಕ್ಕೆ ನನಗೆ ಹೆದರಿಕೆ, ಜೊತೆಗೆ ಹೋಗ್ಲಿಕ್ಕೆ ಹಿರಿಯರು ಯಾರೂ ಇರ್ಲಿಲ್ಲ. ದೇವರೇ ನಿಮ್ಮನ್ನು ತೋರಿಸಿದ ಹಾಗಾಯ್ತು!"

ತಲೆ ತಗ್ಗಿಸಿ ಕೂತಿದ್ದ ಗಂಡು ಮೊದಲ ಸಲ ಮುಖವೆತ್ತಿ ನಕ್ಕ. ಸಂಬಂಧ ಅಲ್ಲಿಯೇ ಕುದುರಿತು.

ಭಾರ್ಗವಿಗೆ ಆ ಗದ್ದಲ ಆಗುವುದಿಲ್ಲ, ಅವಳು ಮನೆಯಲ್ಲೇ ಇರುತ್ತಾಳೆ. ರಮಾದೇವಿ ಈಗ ತಿಂಗಳಿಗೊಮ್ಮೆ ಕಿವಿಗೆ ಹತ್ತಿ ಇಟ್ಟುಕೊಂಡು, ಮಗನನ್ನೂ ಅಳಿಯನನ್ನೂ ಕಾನ್ಸರ್ಟಿಗೆ ಕರೆದುಕೊಂಡು ಹೋಗುತ್ತಾರೆ.