ಹಳ್ಳಕ್ಕ ಹೋಗೂಣು ಬರ್ರಿ

ನಮ್ಮ ಕಾಕಾನ ತಲೆ ನೆಟ್ಟಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಇಡೀ ಊರೇ ಹೇಳುತ್ತಿರುವಾಗ ನಾನೇಕೆ ಬಾಯಿ ನೋಯಿಸಿಕೊಳ್ಳಲಿ?

ಎಂಬತ್ತರ ದಶಕದ ಮಾತು. ನವಲಗುಂದದ ಹತ್ತಿರದ ನಮ್ಮೂರ ಮಗ್ಗುಲಲ್ಲೇ ಬೆಣ್ಣಿಹಳ್ಳ. ಲಗ್ನ ಮಾಡಿಕೊಳ್ಳದ ಕಾಕಾ ಪ್ರತಿ ರವಿವಾರ ಬುಟ್ಟಿ, ಕಸಬರಿಗೆ ಹಿಡಿದು ಅದರ ದಂಡೆ ಸ್ವಚ್ಛ ಮಾಡಲು ಹೊರಡುತ್ತಿದ್ದ. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ! ಹರಿದ ಚಪ್ಪಲಿ, ಒಡೆದ ಸೀಸೆ, ಬಳೆಚೂರು, ಯಾರೋ ದೃಷ್ಟಿ ತೆಗೆದು ಒಗೆದ ನಿಂಬೆಹಣ್ಣು, ಎಲ್ಲವೂ ಬುಟ್ಟಿಗೆ.

"ಆ ನಿಂಬಿಹಣ್ಣು ಮುಟ್ಟಬ್ಯಾಡೋ, ಪೀಡಾ ಹತ್ತತೈತಿ!" ಎಂದು ಅವ್ವ ಚೀರಿದರೆ, "ಜಾಗಾ ಎಲ್ಲೈತಿ ವೈನಿ? ನೀವೆಲ್ಲಾ ಮೊದಲಽ ಹತ್ತೀರಿ" ಎನ್ನುತ್ತಿದ್ದ.

ಜೊತೆಗೆ ಜನ ಬೇಕೆಂದು ಒಮ್ಮೆ ಓಣಿ ತುಂಬ ಕೂಗಿದ: "ಹಳ್ಳಕ್ಕ ಹೋಗೂಣು ಬರ್ರಿ! ಎಲ್ಲಾರೂ ಕೂಡಿ ಹೋಗೂಣು!" ನಮ್ಮಲ್ಲಿ ಹಳ್ಳಕ್ಕೆ ಹೋಗುವುದೆಂದರೆ ಏನು? ಮುಂಜಾನೆ ತಂಬಿಗೆ ಹಿಡಿದು ಹೋಗುವುದು! ಅದಕ್ಕೆ ಯಾರಾದರೂ ಮೆರವಣಿಗೆ ಕಟ್ಟುತ್ತಾರೆಯೇ? "ನಮ್ಮದು ಆಗೇತಿ, ನೀವು ನಡೀರಿ" ಎಂದು ಮಂದಿ ಬಾಗಿಲು ಹಾಕಿಕೊಂಡರು.

ಇದೆಲ್ಲ ನಗುವ ಮಾತಾಗಿತ್ತು, ತಂಗಿಯನ್ನು ನೋಡಲು ಹುಬ್ಬಳ್ಳಿ ಆಚೆಯ ಮಿಶ್ರಿಕೋಟಿಯವರು ಬಂದ ರವಿವಾರದ ತನಕ. ಸಣ್ಣವಳಿದ್ದಾಗ ಅವಳ ಎಡಗಾಲಿಗೆ ಹಳ್ಳದ ದಂಡೆಯಲ್ಲಿ ಬಳೆಚೂರು ಹೊಕ್ಕು, ಕೀವಾಗಿ, ಆ ಕಾಲು ತುಸು ಎಳೆಯುತ್ತಿತ್ತು. ಅದುವರೆಗೆ ಬಂದ ಗಂಡಿನವರೆಲ್ಲ ಅವಳನ್ನು ನಡೆಸಿ ನೋಡಿ, ಚಹಾ ಕುಡಿದು ಹೋದರೆ ಹೋದರೇ! ಇವರಿಗೆ ನಮ್ಮೂರ ಮಧ್ಯಸ್ಥರು ಕಾಲಿನ ಸಂಗತಿ ಮೊದಲೇ ತಿಳಿಸಿದ್ದರು. "ನಡಿಗಿ ನೋಡಿ ಹೇಳತೇವಿ" ಎಂದಿದ್ದರು.

ನಾನು ಶಿಸ್ತಿನ ಮನುಷ್ಯ. ಯಾರು ಯಾವಾಗ ಸ್ನಾನ ಮಾಡಬೇಕು, ಉಪ್ಪಿಟ್ಟು ಯಾವಾಗ ಇಳಿಯಬೇಕು, ಎಲ್ಲ ಗೊತ್ತುಮಾಡಿದ್ದೆ. ತಂಗಿ ನಡೆಯುವುದು ಕಡಿಮೆಯಾಗಲೆಂದು ಜಮಖಾನೆಯನ್ನು ಅಡಿಗೆಮನೆಯ ಹೊಸ್ತಿಲಿಗೇ ಹತ್ತಿಸಿ ಹಾಸಿದ್ದೆ. "ಕಾಕಾ, ಇವತ್ತೊಂದಿನ ಹಳ್ಳ ಬಿಡು" ಎಂದು ಕೈಮುಗಿದೆ.

"ಕಸಾ ಇವತ್ತ ರಜಾ ಹಾಕೇತೇನಲೇ?" ಎಂದವನು ಹೋಗೇಬಿಟ್ಟ.

ಮರಳಿ ಬಂದಾಗ ಮುಖ ಅರಳಿತ್ತು. "ಯಾರೋ ರುಮಾಲಿನ ಯಜಮಾನ, ಅಗದಿ ದಂಡಿ ಮ್ಯಾಲೆ ಕುಂತಿದ್ದ! 'ಮಂದಿ ಬರಿಗಾಲಿಲೆ ಓಡ್ಯಾಡೋ ಜಾಗಾ, ಏಳ್ರಿ' ಅಂತ ಕಸಬರಿಗಿ ಎತ್ತಿದೆ. ತಂಬಗಿ ಬಿಟ್ಟು ಓಡಿದ!"

ತಂಬಿಗೆ ಬುಟ್ಟಿಯಲ್ಲೇ ಇತ್ತು. ಅದರ ಮೇಲೆ ಕೆತ್ತಿದ್ದು ಮಧ್ಯಸ್ಥರ ಮನೆಯ ಹೆಸರು. ಗಂಡಿನ ಅಪ್ಪ ಹಿಂದಿನ ಸಂಜೆಯ ಬಸ್ಸಿಗೆ ಬಂದು ಇಳಿದುಕೊಂಡದ್ದು ಅವರ ಮನೆಯಲ್ಲೇ!

ಕಾಕಾನನ್ನು ಹಿತ್ತಲಿಗೆ ಸಾಗಿಸೋಣವೆಂದರೆ ಹೊತ್ತೆಲ್ಲಿತ್ತು? ರುಮಾಲು ಆಗಲೇ ಬಾಗಿಲಲ್ಲಿತ್ತು. ಅವರು ಕಾಕಾನನ್ನು ನೋಡಿದರು. ಕಾಕಾ ಅವರನ್ನು ನೋಡಿದ. ಉಪ್ಪಿಟ್ಟಿಗೆ ಯಾರೂ ಕೈ ಹಚ್ಚಲಿಲ್ಲ.

"ತಂಬಗಿ ಸಿಕ್ಕಿತೇನ್ರಿ?" ಎಂದರು ಯಜಮಾನರು.

"ತಿಕ್ಕಿ ಇಟ್ಟೇನ್ರಿ" ಎಂದ ಕಾಕಾ.

ಒಬ್ಬರೂ ನಗಲಿಲ್ಲ. ತಂಗಿ ಬಂದು ಜಮಖಾನೆಯ ಅಂಚಿಗೆ ಕುಳಿತಳು. ಗಂಡಿನ ಸೋದರತ್ತೆ ಗಂಟಲು ಸರಿಮಾಡಿಕೊಂಡು, "ತಲಬಾಗಲ ತನಕ ಒಂದೀಟು ನಡದು ತೋರಸವಾ ತಂಗಿ" ಎಂದರು. ನನ್ನ ಜಮಖಾನೆಯ ಉಪಾಯ ಅಲ್ಲಿಗೆ ಮುಗಿಯಿತು! ತಂಗಿ ಎದ್ದು ನಿಂತಳು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು.

ಆಗ ಕಾಕಾ ಎದ್ದ. ಇನ್ನೇನು ಅನಾಹುತ ಮಾಡುತ್ತಾನೋ! ಅವನು ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅಲ್ಲಿಂದ ತಲೆಬಾಗಿಲ ತನಕ ನೆಲವನ್ನು ಅಂಗೈಯಿಂದ ಸವರುತ್ತ ಹೋದ. ನೆಲದ ಮೇಲೆ ಏನೂ ಇರಲಿಲ್ಲ. ನಾನೇ ನಿಂತು ಗುಡಿಸಿದ್ದೆ. ಆದರೂ ಸವರಿದ. ಬಾಗಿಲಲ್ಲಿ ನಿಂತು, "ಈಗ ಬಾ, ಕೂಸಽ" ಎಂದ.

ಯಜಮಾನರು ಅವನ ಅಂಗೈ ನೋಡಿದರು. ತಂಗಿಯ ಬರಿಗಾಲು ನೋಡಿದರು.

"ಆ ದಂಡಿ ಮ್ಯಾಲೆಽ ಚುಚ್ಚಿದ್ದೇನ್ರಿ?"

ಕಾಕಾ ಹೌದೆಂದು ತಲೆ ಅಲ್ಲಾಡಿಸಿದ.

"ಕೂಡವಾ ಮಗಳಽ. ನಡಿಗಿ ನೋಡೂದು ಏನೂ ಬ್ಯಾಡ" ಎಂದರು ಯಜಮಾನರು. ಆಮೇಲೆ ಉಪ್ಪಿಟ್ಟಿನ ತಾಟು ಹತ್ತಿರಕ್ಕೆಳೆದುಕೊಂಡು, "ನಮ್ಮೂರ ಹಳ್ಳದ ದಂಡೀನೂ ಹಿಂಗಽ ಹೊಲಸಾಗೇತ್ರಿ, ಬೀಗರಽ" ಎಂದರು.

ಮುಂದಿನ ರವಿವಾರ ಕಾಕಾ ಕಸಬರಿಗೆ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತಿದ. ಕಂಡಕ್ಟರ್ ನಗುತ್ತ, "ಇದನ್ನ ಹಿಡಕೊಂಡು ಎಲ್ಲಿಗ್ರಿ ಕಾಕಾ?" ಎಂದು ಕೇಳಿದ.

"ಮಗಳ ಊರಿಗೆ" ಎಂದ.