ಒಸಡು, ಸಕ್ಕರೆ ಮತ್ತು ಒಂದೂವರೆ ಇಂಚು

ಮೂವತ್ತು ವರ್ಷ ಊರಿನವರ ಕುತ್ತಿಗೆ, ತೋಳು, ಸೊಂಟ ಅಳೆದು ಬದುಕಿದ ನನ್ನ ಮೇಲೆ ಕಟ್ಟಿಕೊಂಡ ಹೆಂಡತಿಯೇ ಕಳ್ಳತನದ ಆರೋಪ ಹೊರಿಸಿದ ಕಥೆ ಇದು. ಕದ್ದ ಮಾಲು ಯಾವುದು ಅನ್ನುತ್ತೀರಾ? ಸಕ್ಕರೆ. ಬಚ್ಚಿಟ್ಟ ಜಾಗ? ನನ್ನ ರಕ್ತ.

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. ಅಂದಿನಿಂದ ನಾನು ಸಿಹಿಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಬೆಳಿಗ್ಗೆ ನಡಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ, ಸಪ್ಪೆ ಊಟ. ಆದರೂ ಪ್ರತಿ ಸಲ ಪರೀಕ್ಷೆ ಮಾಡಿಸಿದಾಗಲೂ ಅಂಕಿ ಮಹಡಿ ಹತ್ತುತ್ತಲೇ ಇತ್ತು. ಕೊನೆಗೊಂದು ದಿನ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು (ಡಾಕ್ಟರು ಕನ್ನಡಕ ತೆಗೆದರೆಂದರೆ ಸುದ್ದಿ ಒಳ್ಳೆಯದಲ್ಲ) "ಇನ್ನೊಂದು ತಿಂಗಳು ನೋಡೋಣ. ಇಳೀಲಿಲ್ಲ ಅಂದ್ರೆ ದಿನಾ ಇಂಜೆಕ್ಷನ್ನೇ" ಎಂದರು.

ನಗಬೇಡಿ. ನಾನು ದರ್ಜಿ, ಹೌದು. ಸೂಜಿಯೇ ನನ್ನ ಅನ್ನ, ಅದೂ ಹೌದು. ಆದರೆ ಸೂಜಿಯ ತಲೆ ನನ್ನ ಕೈಯಲ್ಲಿದ್ದು ಮೊನೆ ಬಟ್ಟೆಯ ಕಡೆಗಿದ್ದರೆ ಒಂದು ಮಾತು. ತಲೆ ಇನ್ನೊಬ್ಬರ ಕೈಯಲ್ಲಿದ್ದು ಮೊನೆ ನನ್ನ ಕಡೆಗಿದ್ದರೆ ಮಾತೇ ಬೇರೆ.

"ರೀ, ನಿಜ ಹೇಳಿ. ಎಲ್ಲಿ ತಿಂತೀರಿ?" ಮನೆಗೆ ಬಂದ ಮರುಕ್ಷಣ ನನ್ನಾಕೆ ವಿಚಾರಣೆ ಶುರು ಮಾಡಿದಳು.

"ಏನನ್ನ?"

"ಸಿಹಿ."

"ನಿನ್ನಾಣೆ ಇಲ್ಲ ಕಣೇ!"

"ನನ್ನ ಮೇಲೆ ಯಾಕೆ ಆಣೆ? ನಾನಿನ್ನೂ ಬದುಕಬೇಕು."

ನಮ್ಮ ಅಂಗಡಿ ಮನೆಯ ಮುಂದಿನ ಕೋಣೆಯೇ. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ನಾನು, ಹೊಲಿಯುವುದು ಅವಳು. ಹಾಗಾಗಿ ನನ್ನ ಮೇಲೆ ಕಣ್ಣಿಡಲು ಅವಳಿಗೆ ವಿಶೇಷ ಶ್ರಮವೇನೂ ಬೇಕಿರಲಿಲ್ಲ. ಆದರೂ ದಿನಾ ಜೇಬು ತಡಕುತ್ತಿದ್ದಳು. ಒಂದು ದಿನ ಬಿಳಿಯ, ದುಂಡಗಿನ, ನುಣುಪಾದ ಸಾಕ್ಷ್ಯವೊಂದು ಸಿಕ್ಕೇಬಿಟ್ಟಿತು. "ಪೆಪ್ಪರಮಿಂಟು!" ಎಂದು ಗೆದ್ದವಳಂತೆ ಕೂಗಿ, ಖಾತ್ರಿಗೆ ನಾಲಿಗೆಗೂ ಹಚ್ಚಿಕೊಂಡಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಅದು. ಅವಳು ಬಾಯಿ ಮುಕ್ಕಳಿಸಿ ಬರುವವರೆಗೆ ನಾನು ನಗಲಿಲ್ಲ. (ನಕ್ಕಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ.)

ಆದರೆ ನಗುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಸಕ್ಕರೆ ಏರಿದರೆ ಕಣ್ಣಿಗೆ ಅಪಾಯ, ಕಾಲಿಗೆ ಅಪಾಯ ಎನ್ನುತ್ತಾರಲ್ಲ. ಕಣ್ಣು ಮಂಜಾದರೆ ಬಟ್ಟೆಯ ಮೇಲಿನ ಗುರುತು ಕಾಣುವುದು ಹೇಗೆ? ಕಾಲು ಕೈಕೊಟ್ಟರೆ ದಿನವಿಡೀ ಮೇಜಿನ ಮುಂದೆ ನಿಲ್ಲುವುದು ಹೇಗೆ? ಕತ್ತರಿ ಹಿಡಿದವನು ನಡುನಡುವೆ ಬಗ್ಗಿ ಕಾಲ್ಬೆರಳುಗಳನ್ನು ಎಣಿಸುತ್ತಿದ್ದೆ. ಹತ್ತೂ ಇದ್ದವು. ಅತ್ತ ಅವಳು ಹೊಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತಿದರೆ ಮಾತ್ರ ತಕ್ಷಣ ಬೈಯತೊಡಗುತ್ತಿದ್ದಳು. ಅವಳ ಬೈಗುಳದ ಅಡಿಯಲ್ಲಿ ಭಯ ಕೋಟಿನೊಳಗಿನ ಅಸ್ತರಿನ ಹಾಗೆ ಕೂತಿದೆ ಎಂದು ನನಗೆ ಗೊತ್ತಿತ್ತು.

ತಿಂಗಳು ಮುಗಿಯಿತು. ಅಂಕಿ ಇಳಿಯಲಿಲ್ಲ. ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆದವರು, ನಾನು ಕೆನ್ನೆ ಒತ್ತಿಕೊಂಡಿರುವುದನ್ನು ಕಂಡು "ಎಲ್ಲಿ, ಬಾಯಿ ತೆಗೀರಿ" ಎಂದರು. ತೆಗೆದೆ. ಮುಂದೆ ಬಗ್ಗಿದವರು ಅಷ್ಟೇ ಬೇಗ ಹಿಂದೆ ಸರಿದರು.

"ಹಲ್ಲುಜ್ಜುವಾಗ ರಕ್ತ ಬರುತ್ತಾ?"

"ದಿನಾ ಬರುತ್ತೆ ಡಾಕ್ಟ್ರೇ. ಚೆನ್ನಾಗಿ ಉಜ್ಜಿದ್ದಕ್ಕೆ ಅದೇ ಗುರುತು ಅಂದ್ಕೊಂಡಿದ್ದೆ."

ಅವರು ಪೆನ್ನು ಮುಚ್ಚಿದರು. "ಮೊದಲು ಹಲ್ಲಿನ ಡಾಕ್ಟರನ್ನ ನೋಡಿ. ಇಂಜೆಕ್ಷನ್ ಮಾತು ಮೂರು ತಿಂಗಳ ನಂತರ."

ಹಲ್ಲಿನ ಡಾಕ್ಟರಮ್ಮ ನನ್ನ ಕಸುಬು ಕೇಳಿ ತಿಳಿದು, ನನಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದರು: "ಒಸಡು ಅಂದ್ರೆ ಹಲ್ಲಿಗೆ ಕಾಲರ್ ಇದ್ದ ಹಾಗೆ. ನಿಮ್ಮ ಕಾಲರೆಲ್ಲ ಸಡಿಲ ಆಗಿ ಸಂದಿಯಲ್ಲಿ ಕೀವು ತುಂಬಿದೆ. ಆ ನಂಜು ಬಾಯಲ್ಲೇ ಇರೋದಿಲ್ಲ, ಮೈಗೆಲ್ಲ ತೊಂದರೆ. ಸಕ್ಕರೆ ಇಳಿಯೋಕೆ ಬಿಡೋದಿಲ್ಲ. ಸಕ್ಕರೆ ಏರಿದ್ರೆ ಒಸಡು ಇನ್ನೂ ಕೆಡುತ್ತೆ. ಹೃದಯಕ್ಕೂ ಒಳ್ಳೇದಲ್ಲ."

"ಬಾಯಿಗೂ ಹೃದಯಕ್ಕೂ ಸಂಬಂಧ ಇದೆಯಾ?" ಎಂದೆ ಗಾಬರಿಯಿಂದ.

"ಇವರ ವಿಷಯದಲ್ಲಿ ಇರಲಾರದು ಅಂದ್ಕೊಂಡಿದ್ದೆ," ಎಂದಳು ನನ್ನಾಕೆ.

ಇಂಜೆಕ್ಷನ್ ತಪ್ಪಿಸಿಕೊಳ್ಳಲು ಬಂದವನಿಗೆ ಡಾಕ್ಟರಮ್ಮ ಮೊದಲು ತೋರಿಸಿದ್ದೇ ಇಂಜೆಕ್ಷನ್. ಅದೂ ಒಸಡಿಗೆ! ಕುರ್ಚಿಯಿಂದ ಜಾರತೊಡಗಿದ ನನ್ನನ್ನು ನನ್ನಾಕೆ ಎರಡೂ ಭುಜ ಹಿಡಿದು ಕೂರಿಸಿದಳು. ಸೂಜಿ ಒಳಗೆ ಹೋಗುವಾಗ ಕಣ್ಣು ಮುಚ್ಚಿಕೊಂಡವಳು ಮಾತ್ರ ಅವಳೇ. ನಾಲ್ಕು ಭೇಟಿಗಳಲ್ಲಿ ಬಾಯಿ ಸ್ವಚ್ಛವಾಯಿತು, ಎರಡು ದವಡೆ ಹಲ್ಲುಗಳು ನನ್ನ ಸೇವೆಯಿಂದ ನಿವೃತ್ತವಾದವು.

ಮೂರು ತಿಂಗಳ ನಂತರ ಅಂಕಿ ಮಹಡಿ ಇಳಿದು ಅಂಗಳಕ್ಕೆ ಬಂತು! ಇಂಜೆಕ್ಷನ್ ಬೇಡ, ಮಾತ್ರೆಯೇ ಸಾಕು ಎಂದರು ಡಾಕ್ಟರು. ನಾನು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಅಂಗಡಿಗೆ ಬಂದು ಟೇಪನ್ನು ಹಾರದಂತೆ ಕೊರಳಿಗೆ ಹಾಕಿಕೊಂಡೆ.

"ಈಗ ಹೇಳು. ನಾನು ಕಳ್ಳನಾ?"

"ಅಲ್ಲ."

"ಹಾಗಾದ್ರೆ ಕ್ಷಮೆ ಕೇಳು."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಊರಿನ ಶಾಲೆಯ ಹೆಡ್‌ಮೇಷ್ಟ್ರು ಒಳಗೆ ನುಗ್ಗಿದರು. ಹಿಂದಿನ ದಿನವಷ್ಟೇ ಕೊಟ್ಟ ಹೊಸ ಅಂಗಿ ಅವರ ಮೈಮೇಲಿತ್ತು. ಎದೆಯ ಮೇಲಿನ ಎರಡು ಗುಂಡಿಗಳು ಕಷ್ಟಪಟ್ಟು ಹಿಡಿದುಕೊಂಡಿದ್ದವು. ಮೂರನೆಯದು ಆಗಲೇ ಹಾರಿಹೋಗಿತ್ತು.

"ಏನ್ರೀ ಇದು? ಉಸಿರಾಡಿದ್ರೆ ಹರಿಯುತ್ತೆ!"

ಮೂವತ್ತು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ. ಮತ್ತೆ ಅಳೆದೆ. ಚೀಟಿಯಲ್ಲಿ ಬರೆದದ್ದು ನಲವತ್ತು, ಟೇಪು ತೋರಿಸಿದ್ದೂ ನಲವತ್ತು. ಅಂಗಿಯ ಅಂಚನ್ನು ಎತ್ತಿ ನೋಡಿದರೆ ಪಕ್ಕದ ಹೊಲಿಗೆ ಬೆರಳಗಲ ಒಳಗಿತ್ತು.

"ಏ, ಯಾಕೆ ಇಷ್ಟು ಒಳಗೆ ಹೊಲಿದೆ?"

"ಅಭ್ಯಾಸ ಆಗೋಗಿದೆ ಕಣ್ರೀ."

"ಎಂಥ ಅಭ್ಯಾಸ?"

ಅವಳು ಮೇಷ್ಟ್ರ ಮುಖ ನೋಡಿದಳು, ಮೇಷ್ಟ್ರು ಫ್ಯಾನಿನ ಮುಖ ನೋಡಿದರು. "ನೀವು ಎದೆ ಅಳೆಯೋವಾಗ ಎಲ್ಲರೂ ಉಸಿರು ಬಿಗಿಹಿಡೀತಿದ್ರು. ಎದೆ ಉಬ್ಬಿ ಅಳತೆ ಒಂದೂವರೆ ಇಂಚು ಜಾಸ್ತಿ ಬರ್ತಿತ್ತು. ನಾನು ಹೊಲಿಗೇಲಿ ಸರಿ ಮಾಡ್ತಿದ್ದೆ."

"ಹೋದ ವಾರ ಅಳತೆ ಕೊಡೋವಾಗ ಮೊದಲನೇ ಸಲ ಆರಾಮಾಗಿ ಉಸಿರಾಡಿದೆ," ಎಂದು ಮೇಷ್ಟ್ರು ಫ್ಯಾನಿಗೇ ಹೇಳಿದರು. "ಅದೇ ತಪ್ಪಾಯ್ತು."

ನನ್ನ ಟೇಪಿನ ಮುಂದೆ ಊರಿಗೆ ಊರೇ ಎದೆಯುಬ್ಬಿಸಿ ನಿಲ್ಲುವುದು ನನ್ನ ಕಸುಬಿನ ಮೇಲಿನ ಗೌರವಕ್ಕೆ ಎಂದು ನಾನು ನಂಬಿದ್ದೆ.

"ಎಷ್ಟು ವರ್ಷದಿಂದ?" ಎಂದೆ.

"ಆರು."

"ಆರು ವರ್ಷ! ನನಗೆ ಒಂದು ಮಾತು ಹೇಳಬಾರದಿತ್ತಾ?"

ಅವಳು ಅಂಗಿಯ ಹೊಲಿಗೆ ಬಿಚ್ಚಲು ಕತ್ತರಿ ಎತ್ತಿಕೊಂಡು, ಬಹಳ ಮೆತ್ತಗೆ ಅಂದಳು: "ಹೇಳೋಕೆ ಹತ್ತಿರ ಬರಬೇಕಿತ್ತಲ್ರೀ."