ಲಾಳಿ ಕ್ಲಬ್ಬಿನ ಮುನ್ನೂರು ಅಂಗಿ

"ದೂರ ನಿಂತ್ಕೋ ಷಣ್ಮುಖ! ಇದು ಬರೀ ಅಂಗಿ ಅಲ್ಲ!" ಎಂದು ಭಾವ ಕೂಗಿದರು.

ನನ್ನ ಕಣ್ಣಿಗೆ ಅದು ಬರೀ ಅಂಗಿಯೇ. ಅಕ್ಕನ ಮನೆಯ ಹಿತ್ತಲಲ್ಲಿ, ನೂಲು ಒಣಹಾಕುವ ಬಿದಿರಿನ ಮೇಲೆ ನೇತಾಡುತ್ತಿತ್ತು. ದಪ್ಪ ಹತ್ತಿ, ಉದ್ದ ತೋಳು, ಅಗಲ ಕಾಲರ್, ಕತ್ತಿನ ಹತ್ತಿರ ಗುಂಡಿಯ ಬದಲು ಕಟ್ಟುವ ದಾರ. ನಮ್ಮ ಲಾಳಿ ಫುಟ್‌ಬಾಲ್ ಕ್ಲಬ್ಬಿನವರು ಅರವತ್ತು ವರ್ಷದ ಹಿಂದೆ ಮೊದಲ ಪಂದ್ಯಕ್ಕೆ ಹಾಕಿಕೊಂಡ ಅಂಗಿಯ ಮಾದರಿ. ಆದರೆ ನಮ್ಮ ಅಂಗಿಗೆ ದಾಳಿಂಬೆ ಕೆಂಪು ಮತ್ತು ಅರಿಶಿನದ ಪಟ್ಟೆ ಇರಬೇಕು. ಇದು ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿತ್ತು.

ಭಾವ ಬನಶಂಕರಯ್ಯನವರು ದೊಡ್ಡಬಳ್ಳಾಪುರದಲ್ಲಿ ನೂಲಿಗೆ ಬಣ್ಣ ಹಾಕುವವರು. ಬೆಳಗ್ಗೆ ಬಣ್ಣ, ಮಧ್ಯಾಹ್ನ ಸಂಶೋಧನೆ. ಹಿಂದಿನ ಸಂಶೋಧನೆ ಸೊಳ್ಳೆ ಓಡಿಸುವ ಯಂತ್ರ. ಅದು ಪಕ್ಕದ ಬೀದಿಯ ಸೊಳ್ಳೆಗಳನ್ನೂ ನಮ್ಮಲ್ಲಿಗೆ ಕರೆತಂದಿತ್ತು.

"ಈ ಬಣ್ಣಕ್ಕೆ ಕಿವಿ ಇದೆ ಕಣೋ. ಹಾಕ್ಕೊಂಡೋನ ಎದೆಬಡಿತ ಕೇಳುತ್ತೆ. ಎದೇಲಿ ಯಾವ ತಂಡ ಇದ್ಯೋ ಆ ತಂಡದ ಬಣ್ಣಕ್ಕೆ ತಿರುಗುತ್ತೆ!"

ಅವರು ಅಂಗಿ ತೊಟ್ಟು, ತಗಡಿನ ಡಬ್ಬವೊಂದರ ಸ್ವಿಚ್ ಒತ್ತಿದರು. ಡಬ್ಬದ ತಲೆಯ ಮೇಲಿದ್ದ ಸೈಕಲ್ ರಿಮ್ಮು ಗರಗರ ತಿರುಗಿತು. ನೋಡನೋಡುತ್ತಲೇ ಭಾವನ ಹೊಟ್ಟೆಯಿಂದ ಮೇಲಕ್ಕೆ ಕೆಂಪು ಏರಿತು, ಅದರ ನಡುವೆ ಅರಿಶಿನದ ಪಟ್ಟೆಗಳು ಸಾಲಾಗಿ ಮೂಡಿದವು!

"ಮದುವೆ ದಿನ ನನ್ನ ನೋಡಿದಾಗ್ಲೂ ಇವರು ಇಷ್ಟು ಕೆಂಪಾಗಿರ್ಲಿಲ್ಲ," ಎಂದಳು ಅಕ್ಕ ಸರ್ವಮಂಗಳ, ಅಕ್ಕಿ ಆರಿಸುತ್ತಾ.

ಭಾವನ ಲೆಕ್ಕಾಚಾರ ಹೀಗಿತ್ತು. ಕ್ಲಬ್ಬಿನ ಮೈದಾನವನ್ನು ಮುನಿಯಲ್ಲಪ್ಪ ಎಂಬ ಕಂಟ್ರಾಕ್ಟರು ಕೇಳಿದ್ದ, ಕಲ್ಯಾಣ ಮಂಟಪ ಕಟ್ಟಲು. ಭಾನುವಾರ ಅರವತ್ತನೇ ವರ್ಷದ ಪಂದ್ಯ, ಪಂದ್ಯ ಮುಗಿದ ಕೂಡಲೇ ಅಲ್ಲೇ ಸರ್ವಸದಸ್ಯರ ಸಭೆ, ಕೈ ಎತ್ತಿ ತೀರ್ಮಾನ. ಮುನ್ನೂರು ಸದಸ್ಯರಿಗೂ ಈ ಅಂಗಿ ತೊಡಿಸಿಬಿಟ್ಟರೆ ಮೈದಾನಕ್ಕೆ ಮೈದಾನವೇ ದಾಳಿಂಬೆ ತೋಟವಾಗುತ್ತದೆ. ಅದನ್ನು ನೋಡಿದ ಮೇಲೂ ಮಾರಲು ಕೈ ಎತ್ತುವ ಪಾಪಿ ಯಾರು?

"ಆ ಮುನಿಯಲ್ಲಪ್ಪನಿಗೂ ಒಂದು ಅಂಗಿ ಕೊಡ್ತೀನಿ. ಮುಖ್ಯ ಅತಿಥಿ ಅಂತ ಕರೀತೀನಿ. ಅವನ ಎದೇಲಿರೋ ಸಿಮೆಂಟು ಬಣ್ಣ ಊರೇ ನೋಡ್ಲಿ!"

"ಭಾವ, ಸದಸ್ಯರ ಎದೇಲಿ ಏನಿದೆ ಅಂತ ನಿಮಗೆ ಗ್ಯಾರಂಟಿನಾ?"

"ಅರವತ್ತು ವರ್ಷದ ಕ್ಲಬ್ಬು ಕಣೋ! ಅನುಮಾನ ಪಡ್ತೀಯಲ್ಲ, ನೀನೊಬ್ಬ ಕ್ಯಾಪ್ಟನ್ ಆಗಿದ್ದೋನಾ?"

ಆಗಿದ್ದೆ. ಅದಕ್ಕೇ ಅನುಮಾನ. ಈ ಕ್ಲಬ್ಬು ತನ್ನ ಬಣ್ಣಕ್ಕೆ ಯಾವತ್ತು ಮರ್ಯಾದೆ ಕೊಟ್ಟಿತ್ತು? ಊರ ತುಂಬ ನೂಲಿಗೆ ಬಣ್ಣ ಹಾಕುವ ಮನೆಗಳಿದ್ದೂ ಹನ್ನೊಂದು ಜನಕ್ಕೆ ಒಂದೇ ಕೆಂಪು ಸಿಕ್ಕಿದ್ದಿಲ್ಲ. ಒಬ್ಬನದು ಇಟ್ಟಿಗೆ, ಇನ್ನೊಬ್ಬನದು ಟೊಮೆಟೊ. ಒಂದು ವರ್ಷ ಅಧ್ಯಕ್ಷ ಚಿಕ್ಕೀರಣ್ಣನ ಮಗ 'ಡಿಸೈನ್' ಮಾಡುತ್ತೇನೆಂದು ಪಟ್ಟೆ ಕಿತ್ತುಹಾಕಿ ನೇರಳೆ ಮಿಂಚು ಬಳಿಸಿದ. ಇನ್ನೊಂದು ವರ್ಷ ಎದೆಯ ತುಂಬ ಹಪ್ಪಳದ ಜಾಹೀರಾತು. ಆಗೆಲ್ಲ ಯಾರೂ ಬಾಯಿ ಬಿಡಲಿಲ್ಲ. ಈಗ ಹಳೇ ಕಾಲದ ಅಂಗಿ ಬಿಟ್ಟಿ ಸಿಗುತ್ತದೆಂದರೆ 'ನಮ್ಮ ಪರಂಪರೆ, ನಮ್ಮ ಹೆಮ್ಮೆ' ಎಂದು ನಾಲ್ಕು ಸೈಜು ಹಾಕಿ ನೋಡಲು ಬಂದರು. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಬಂತು. ಎದುರಾಳಿ ದೇವನಹಳ್ಳಿಯವರು, ಹಸಿರು ಅಂಗಿ. ಸೆಂಟರಿನಲ್ಲಿ ಚೆಂಡಿಟ್ಟರು. ಭಾವ ಸ್ವಿಚ್ ಒತ್ತಿದರು. ರಿಮ್ಮು ತಿರುಗಿತು.

ಮೊದಲು ಬದಲಾದವನು ನಮ್ಮ ಸ್ಟ್ರೈಕರ್. ಕೆಂಪಾದ, ಆದರೆ ನಮ್ಮ ಕೆಂಪಲ್ಲ. ಟಿವಿಯಲ್ಲಿ ಬರುವ ಇಂಗ್ಲೆಂಡಿನ ಯಾವುದೋ ಕ್ಲಬ್ಬಿನ ಕೆಂಪು! ಪಕ್ಕದವನು ಸ್ಪೇನಿನ ಬಿಳಿ. ಹಿಂದಿನವನು ಆಕಾಶನೀಲಿ. ಗೋಲ್‌ಕೀಪರ್ ಅಂತೂ ಫುಟ್‌ಬಾಲನ್ನೇ ಬಿಟ್ಟು ಒಂದು ಕ್ರಿಕೆಟ್ ತಂಡದ ಬಣ್ಣಕ್ಕೆ ತಿರುಗಿ ನಿಂತ! ಹನ್ನೊಂದು ಜನರಲ್ಲಿ ಒಬ್ಬನಾದರೂ ದಾಳಿಂಬೆ? ಇಲ್ಲ.

ಯಾರಿಗೆ ಪಾಸು ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ. ನಮ್ಮ ಹುಡುಗರ ಕಣ್ಣಿಗೆ ಮೈದಾನದಲ್ಲಿ ಇಬ್ಬರು ಒಂದೇ ಬಣ್ಣದಲ್ಲಿ ಕಂಡರೆ ಅವರು ದೇವನಹಳ್ಳಿಯವರೇ, ಅವರಿಗೇ ಕೊಟ್ಟರು. ಹತ್ತು ನಿಮಿಷದಲ್ಲಿ ನಾಲ್ಕು ಗೋಲು! ಅಷ್ಟರಲ್ಲಿ ರೆಫರಿಗೆ ಯಾರೋ ಅಭಿಮಾನದಿಂದ ತೊಡಿಸಿದ್ದ ನಮ್ಮ ಅಂಗಿ ತಣ್ಣಗೆ ಹಸಿರಾಯಿತು. "ಮೋಸ! ರೆಫರಿ ಅವರ ಕಡೆಯೋನು!" ಎಂದು ಜನ ಎದ್ದರು. ಎದ್ದ ಜನರನ್ನಂತೂ ನೋಡಬೇಕಿತ್ತು! ಮುನ್ನೂರು ಜನ, ಮೂವತ್ತು ಬಣ್ಣ. ಅಧ್ಯಕ್ಷ ಚಿಕ್ಕೀರಣ್ಣನ ಎದೆಯ ಮೇಲೆ ನಿಮಿಷದೊಳಗೆ ಮೂರು ರಾಜಕೀಯ ಪಕ್ಷಗಳು ಬಂದುಹೋದವು.

ನನ್ನದು? ನನ್ನದು ನಮ್ಮ ಮನೆಯ ಟಿವಿ ಮುಂದಿನ ಸೋಫಾದ ಬಣ್ಣ. ನಾಚಿಕೆಯಾಯಿತು. ಕೈ ಕಟ್ಟಿ ಮುಚ್ಚಿಕೊಂಡೆ.

"ಭಾವ, ಆರಿಸಿ ಅದನ್ನ!"

"ಆರ್ಸೋದಾ? ಎಷ್ಟು ಕರಾರುವಾಕ್ಕಾಗಿ ಕೆಲಸ ಮಾಡ್ತಿದೆ ನೋಡೋ! ಒಂದು ಅಂಗಿನೂ ತಪ್ಪಿಲ್ಲ!"

ಹೇಳುತ್ತಿದ್ದ ಹಾಗೇ ಭಾವನ ಮೈಮೇಲಿನ ದಾಳಿಂಬೆ ಕರಗಿ ತಗಡಿನ ಬಣ್ಣ ಬಂತು. ಥೇಟ್ ಆ ಡಬ್ಬದ ಬಣ್ಣ.

"ಮೂವತ್ತೈದು ವರ್ಷದಿಂದ ನಂಗೊತ್ತಿತ್ತು," ಎಂದಳು ಅಕ್ಕ.

ಭಾವ ತಲೆ ಬಗ್ಗಿಸಿ ತಮ್ಮ ಎದೆ ನೋಡಿಕೊಂಡರು. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತರು. ಡಬ್ಬ ಆರಿಸಲು ಹೋದರೆ ಸ್ವಿಚ್ಚು ಕಿತ್ತು ಕೈಗೇ ಬಂತು. ರಿಮ್ಮು ತಿರುಗುತ್ತಲೇ ಇತ್ತು.

ಆಗ ಜನ ಒಬ್ಬೊಬ್ಬರಾಗಿ ವೇದಿಕೆಯತ್ತ ತಿರುಗಿದರು. ಅಲ್ಲಿ ಮುಖ್ಯ ಅತಿಥಿ ಮುನಿಯಲ್ಲಪ್ಪ ಕುಳಿತಿದ್ದ. ಅವನ ಅಂಗಿ ದಾಳಿಂಬೆ ಕೆಂಪು. ಅರಿಶಿನದ ಪಟ್ಟೆ. ಅಷ್ಟು ಗಾಢವಾದ ಬಣ್ಣವನ್ನು ನಾನು ಭಾವನ ಹಿತ್ತಲಲ್ಲೂ ನೋಡಿರಲಿಲ್ಲ.

ಆ ಮುಖ ಎಲ್ಲಿ ನೋಡಿದ್ದೆನೆಂದು ನನಗೆ ಆಗ ಹೊಳೆಯಿತು. ನಾನು ಕ್ಯಾಪ್ಟನ್ ಆಗಿದ್ದಾಗ ಕ್ಲಬ್ಬಿನಲ್ಲೊಂದು ಪದ್ಧತಿಯಿತ್ತು: ಆಯ್ಕೆಗೆ ಬರುವವನು ಕ್ಲಬ್ಬಿನ ಬಣ್ಣದ ಅಂಗಿ ತಾನೇ ತರಬೇಕು. ಹದಿನಾರರ ಒಬ್ಬ ಹುಡುಗ ಬಂದ. ಅವನ ತಾಯಿ ಬಿಳಿ ಅಂಗಿಯೊಂದಕ್ಕೆ ಬೀಟ್‌ರೂಟ್ ರಸದಲ್ಲೂ ಅರಿಶಿನದಲ್ಲೂ ಪಟ್ಟೆ ಎಳೆದುಕೊಟ್ಟಿದ್ದಳು. ಚೆನ್ನಾಗಿ ಆಡಿದ, ಎರಡು ಗೋಲು ಹೊಡೆದ. ಆದರೆ ಬೆವರಿಗೆ ಬಣ್ಣವೆಲ್ಲ ಚಡ್ಡಿಗೆ, ಕಾಲಿಗೆ ಇಳಿಯಿತು. ನೇಕಾರರ ಊರಲ್ಲಿ ಬಣ್ಣ ಬಿಡುವುದೆಂದರೆ ಕಳ್ಳತನಕ್ಕಿಂತ ದೊಡ್ಡ ಅವಮಾನ. "ಮೊದ್ಲು ಬಣ್ಣ ಗಟ್ಟಿ ಮಾಡ್ಕೊಂಡ್ ಬಾರೋ!" ಎಂದೆ ನಾನು. ಮೈದಾನವೇ ನಕ್ಕಿತು. ಅವನು ಮತ್ತೆ ಬರಲಿಲ್ಲ, ನಾನೂ ಕರೆಯಲಿಲ್ಲ. ಒಳ್ಳೆಯ ಆಟಗಾರನೆಂದು ಗೊತ್ತಿದ್ದೂ ಕರೆಯಲಿಲ್ಲ.

ಪಂದ್ಯ ಅರ್ಧಕ್ಕೇ ನಿಂತು ಸಭೆ ಶುರುವಾಯಿತು. ಚಿಕ್ಕೀರಣ್ಣ ಮೈಕು ಹಿಡಿದ. "ಬಂಧುಗಳೇ! ನಮ್ಮ ಕ್ಲಬ್ಬನ್ನ ನಿಜವಾಗಿ ಪ್ರೀತಿಸೋರು ಯಾರು ಅಂತ ಬನಶಂಕರಯ್ಯನವರ ಯಂತ್ರವೇ ತೋರಿಸಿದೆ. ಮೈದಾನ ಅಂಥೋರ ಕೈಲೇ ಇರ್ಬೇಕಲ್ವೇ?"

"ಹೌದೌದು!" ಎಂದಿತು ಜನ.

"ಅದಕ್ಕೆ ಮಾಡಿದ್ದಲ್ಲಪ್ಪ ನಾನು ಯಂತ್ರ!" ಎಂದು ಭಾವ ಕಿರುಚಿದರು. ಬನಿಯನ್ನಿನಲ್ಲಿರುವವರ ಮಾತು ಯಾರು ಕೇಳುತ್ತಾರೆ?

ಮುನಿಯಲ್ಲಪ್ಪನ ಮ್ಯಾನೇಜರು ಮಂಟಪದ ದೊಡ್ಡ ಚಿತ್ರ ಬಿಡಿಸಿ ಹಿಡಿದ. ಪಿಸ್ತಾ ಹಸಿರು ಕಟ್ಟಡ, ಮುಂದೆ ಕಾರಂಜಿ. ಪ್ರತಿ ಸದಸ್ಯರ ಮನೆಯ ಒಂದು ಮದುವೆಗೆ ಮಂಟಪ ಬಿಟ್ಟಿ ಎಂದು ಸಾರಿದ. ಆಮೇಲೆ ಕೈಗಳು ಎದ್ದವು. ಕೈ ಎದ್ದ ಹಾಗೇ ಅಂಗಿಗಳೂ ತಿರುಗಿದವು. ಇಂಗ್ಲೆಂಡು, ಸ್ಪೇನು, ಕ್ರಿಕೆಟ್ಟು, ಪಕ್ಷ, ಸೋಫಾ ಎಲ್ಲ ಅಳಿಸಿಹೋಗಿ ಮುನ್ನೂರು ಎದೆಗಳ ಮೇಲೂ ಪಿಸ್ತಾ ಹಸಿರು! ಅರವತ್ತು ವರ್ಷದಲ್ಲಿ ಮೊದಲ ಸಲ ಲಾಳಿ ಕ್ಲಬ್ಬಿನವರೆಲ್ಲ ಒಂದೇ ಬಣ್ಣದಲ್ಲಿ ನಿಂತಿದ್ದರು, ಒಂದೆಳೆ ವ್ಯತ್ಯಾಸವಿಲ್ಲದೆ!

ನಾನೂ ಕೈ ಎತ್ತಿದ್ದೆ. ನನಗೂ ಮಗಳಿದ್ದಾಳೆ.

ಮುನಿಯಲ್ಲಪ್ಪ ವೇದಿಕೆಯಿಂದಿಳಿದು ನೇರ ನನ್ನ ಹತ್ತಿರ ಬಂದ. ತನ್ನ ಕೆಂಪು ಅಂಗಿ ನೋಡಿಕೊಂಡ, ಸುತ್ತಲಿದ್ದ ಹಸಿರನ್ನು ನೋಡಿದ.

"ನಿಮ್ಮ ಟೀಮಲ್ಲಿ ನನ್ನ ಬಣ್ಣ ಯಾವಾಗ್ಲೂ ಬೇರೆನೇ ಆಗೋಗುತ್ತೆ ಕ್ಯಾಪ್ಟನ್," ಎಂದ.

"ಅಷ್ಟು ಪ್ರೀತಿ ಇದ್ರೆ ಮೈದಾನನ ಹಾಗೇ ಉಳಿಸಪ್ಪ," ಎಂದೆ.

"ಪ್ರೀತಿ ಇಲ್ದಿದ್ರೆ ಬೇರೆ ಜಾಗ ನೋಡ್ತಿದ್ದೆ ಅಣ್ಣ."

ಮುಂದಿನ ವಾರ ಜೆಸಿಬಿ ಬಂತು. ಯಂತ್ರದಲ್ಲಿ ಒಂದೇ ಒಂದು ದೋಷವೂ ಇರಲಿಲ್ಲವೆಂದು ಭಾವ ಈಗಲೂ ಹೇಳುತ್ತಾರೆ, ಹೇಳಿ ಅಳುತ್ತಾರೆ. ನನ್ನ ಮಗಳ ಮದುವೆ ಅಲ್ಲೇ ಆಯಿತು. ಗೋಲ್‌ಪೋಸ್ಟ್ ಇದ್ದ ಕಡೆ ಈಗ ಕೈ ತೊಳೆಯುವ ನಲ್ಲಿಗಳಿವೆ. ಊಟ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.